ನಾಲ್ವರಲ್ಲಿ ಒಬ್ಬರ ಸರದಿ

ಆ ಮಾತು ಆಡಿದವರು ಇನ್ನೂ ಮೂವತ್ತು ದಾಟದ ಡಾಕ್ಟರು. ಆಡಿದ್ದು ಸ್ತಾಮೆನಜ್ಜಿಯ ಸೊಸೆ ದ್ರಾಗಿನ್ಯಾಳ ಹತ್ತಿರ, ಅದೂ ಬಾಗಿಲಾಚೆ ನಿಂತು, ದನಿ ತಗ್ಗಿಸಿ. ಆದರೆ ಮೂಳೆ ವಾರ್ಡಿನ ಎಂಟನೇ ಕೋಣೆಯ ಬಾಗಿಲು ಯಾವತ್ತೂ ಪೂರ್ತಿ ಮುಚ್ಚಿಕೊಂಡದ್ದಿಲ್ಲ. ಒಳಗೆ ಮಲಗಿದ್ದ ನಾಲ್ವರು ಮುದುಕಿಯರಿಗೆ ಮುರಿದದ್ದು ಸೊಂಟ, ಕಿವಿಯಲ್ಲ.

“ಈ ವಯಸ್ಸಲ್ಲಿ ಸೊಂಟ ಮುರಿದ್ರೆ ನಾಲ್ಕು ಜನರಲ್ಲಿ ಒಬ್ರು ವರ್ಷದೊಳಗೆ ಹೋಗ್ಬಿಡ್ತಾರಮ್ಮ. ಅದಕ್ಕೇ ನಾವು...”

ಅದಕ್ಕೇ ಅವರು ಏನು ಮಾಡುತ್ತಾರೆ ಎನ್ನುವುದು ಒಳಗಿನವರಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಊಟದ ಗಾಡಿ ಗಡಗಡ ಸದ್ದು ಮಾಡುತ್ತಾ ಬಂತು, ಉಳಿದ ಮಾತು ಅದರಡಿ ಸಿಕ್ಕಿಕೊಂಡಿತು. ಕೋಣೆಗೆ ದಕ್ಕಿದ್ದು ನಾಲ್ವರಲ್ಲಿ ಒಬ್ಬರು ಎಂಬುದಷ್ಟೇ. ಕೋಣೆಯಲ್ಲಿ ಇದ್ದದ್ದೂ ನಾಲ್ಕೇ ಹಾಸಿಗೆ.

“ಕೇಳಿಸ್ತಾ?” ಎಂದಳು ಕಿಟಕಿ ಪಕ್ಕದ ಕೊಸಾರಾ. ಅಂಚೆ ಕಚೇರಿಯ ಕಿಂಡಿಯ ಹಿಂದೆ ಮೂವತ್ತೆಂಟು ವರ್ಷ ಕೂತು ಬಂದವಳು. ಯಾರಾದರೂ ಸಾಲು ಮುರಿದರೆ ಈಗಲೂ ಅವಳಿಗೆ ಸಹಿಸಲಾಗದು. ಬಸ್ಸಿನ ಮೆಟ್ಟಿಲು ಇಳಿಯುವಾಗ ಬಿದ್ದಿದ್ದಳು.

“ಕೇಳಿಸ್ದೆ ಏನು,” ಎಂದಳು ಲೆಪೊಸಾವಾ. ಹಬ್ಬಕ್ಕೆ ಪರದೆ ಹಾಕಲು ಸ್ಟೂಲು ಹತ್ತಿ, ಪರದೆಯ ಸಮೇತ ಕೆಳಗೆ ಬಂದವಳು ಇವಳು. “ಈ ಕೋಣೆಗೆ ಒಬ್ರು ಅಂತಾಯ್ತು.”

“ಕೋಣೆಗೆ ಅಂತ ಅವ್ರು ಹೇಳ್ಲಿಲ್ಲ.”

“ನಾವೆಷ್ಟು ಜನ ಇದೀವಿ, ಎಣಿಸು.”

ಕೊಸಾರಾ ನಿಜಕ್ಕೂ ಎಣಿಸಿದಳು. ನಾಲ್ಕೇ ಬಂತು. ಲೆಪೊಸಾವಾ ಅಳಲು ಶುರುಮಾಡಿದಳು. ಮೊಮ್ಮಗಳ ಮದುವೆ ಮೇ ತಿಂಗಳಲ್ಲಿತ್ತು, ಇದು ಸೆಪ್ಟೆಂಬರ್. ವರ್ಷದೊಳಗೆ ಎಂದರೆ ಮದುವೆಗೆ ಮುಂಚೆಯೋ ಆಮೇಲೆಯೋ ಎಂದು ಯಾರೂ ಹೇಳಿರಲಿಲ್ಲ. ಅದನ್ನಾದರೂ ಹೇಳಬಾರದಿತ್ತೇ ಎಂದು ಅತ್ತಳು.

ನಾಲ್ಕನೆಯವಳು ಯೂಲ್ಕಾ, ಎಲ್ಲರಿಗಿಂತ ಚಿಕ್ಕವಳು, ಅರವತ್ತೊಂಬತ್ತು. ಅವಳು ಅಳಲಿಲ್ಲ. ಗೋಡೆಯತ್ತ ಮುಖ ತಿರುಗಿಸಿ ಹೊದಿಕೆಯ ಅಂಚನ್ನು ಬೆರಳಲ್ಲಿ ಹೊಸೆಯುತ್ತಿದ್ದಳು. ಅವಳ ಗಂಡ ತಿಹೋಮಿರ್‌ಗೆ ಹನ್ನೊಂದು ವರ್ಷದಿಂದ ಕಣ್ಣು ಕಾಣಿಸುವುದಿಲ್ಲ. ಬಚ್ಚಲಲ್ಲಿ ಇವಳು ಜಾರಿದಾಗ ಆತ ನೆಲವನ್ನೆಲ್ಲ ತಡವುತ್ತಾ ಬಂದು ಇವಳನ್ನು ಹುಡುಕಿದ್ದ. ಆಮೇಲೆ ಗೋಡೆ ಹಿಡಿದುಕೊಂಡೇ ಬೀದಿಗೆ ಹೋಗಿ ಕೂಗಿದ್ದ. ಈಗ ಪಕ್ಕದ ಮನೆಯವರು ಅವನಿಗೆ ಊಟ ಕೊಡುತ್ತಿದ್ದರು. ಎಷ್ಟು ದಿನ ಕೊಟ್ಟಾರು?

ಸ್ತಾಮೆನಜ್ಜಿ ಆ ಬೆರಳುಗಳನ್ನೇ ನೋಡುತ್ತಿದ್ದಳು. ಅಜ್ಜಿಗೆ ಎಂಬತ್ತಾರು. ಬೆಟ್ಟದ ಮೇಲಿನ ಹಳ್ಳಿಯವಳು. ಚಳಿಗಾಲಕ್ಕೆ ಐವಾರ್ ಚಟ್ನಿ ಮಾಡಿಡೋಣ ಎಂದು ಹೊರಗಿನ ಒಲೆಯಲ್ಲಿ ಕೆಂಪು ದೊಣ್ಣೆಮೆಣಸು ಸುಡುತ್ತಾ ಇದ್ದವಳು ಹೊಸಿಲು ಎಡವಿದ್ದಳು. ಆಪರೇಷನ್ ಆಗಿ ಎಚ್ಚರವಾದಾಗ ಅವಳು ಕೇಳಿದ ಮೊದಲ ಪ್ರಶ್ನೆ, ಒಲೆ ಮೇಲಿನ ಮೆಣಸನ್ನು ಯಾರು ಇಳಿಸಿದರು ಎಂದು. ಯಾರೂ ಇಳಿಸಿರಲಿಲ್ಲ.

ನಾಲ್ವರಲ್ಲಿ ಒಬ್ಬರು ಎನ್ನುವ ಮಾತು ಉಳಿದ ಮೂವರಿಗೆ ಹೊಸದು. ಅಜ್ಜಿಗೆ ಹಳೆಯದು. ಅವಳು ಮದುವೆಯಾಗಿ ಬಂದ ಕಾಲಕ್ಕೆ, ಮಹಾಯುದ್ಧ ಮುಗಿದು ನಾಲ್ಕೈದು ವರ್ಷವಾಗಿತ್ತು. ಬೆಟ್ಟಕ್ಕೆ ರಸ್ತೆ ಕಡಿಯಬೇಕು, ನಾಲ್ಕು ಮನೆಗೊಬ್ಬ ಆಳು ಕಳಿಸಿ ಎಂದು ಪ್ರತಿ ವಸಂತದಲ್ಲೂ ಆಜ್ಞೆ ಬರುತ್ತಿತ್ತು. ಅವಳ ಕೇರಿಯಲ್ಲಿ ಇದ್ದದ್ದೇ ನಾಲ್ಕು ಮನೆ. ಒಂದರಲ್ಲಿ ಬಾಣಂತಿ, ಒಂದರಲ್ಲಿ ಕೆಮ್ಮಿನ ಮುದುಕ, ಒಂದರಲ್ಲಿ ವಿಧವೆ ಮತ್ತು ಮೂರು ಮಕ್ಕಳು. ಯಾರು ಹೋಗಬೇಕು ಎಂದು ಅಂಗಳದಲ್ಲಿ ನಿಂತು ಮುಖ ಮುಖ ನೋಡಿಕೊಳ್ಳುವಾಗ ಸ್ತಾಮೆನಾ ಸಲಿಕೆ ಎತ್ತಿಕೊಳ್ಳುತ್ತಿದ್ದಳು. ಆರು ವರ್ಷ ಅವಳೇ ಹೋದಳು. ಯಾರೂ ಬಲವಂತ ಮಾಡಲಿಲ್ಲ. ಒಬ್ಬರು ಹೋದರೆ ಉಳಿದ ಮೂರು ಮನೆಯವರು ನಿರಾಳವಾಗಿರುತ್ತಾರೆ ಎನ್ನುವುದು ಎಷ್ಟು ಸರಳ ವಿಷಯ, ಇದಕ್ಕೆ ಇಷ್ಟು ಹೊತ್ತು ಯಾಕೆ ಯೋಚಿಸುತ್ತಾರೆ ಎಂದು ಅವಳಿಗೆ ಆಗಲೂ ಸೋಜಿಗವಾಗುತ್ತಿತ್ತು.

“ಸಾಕು ಅತ್ತಿದ್ದು, ಲೆಪೊಸಾವಾ,” ಎಂದಳು ಅಜ್ಜಿ. “ನಾನೇ ಹೋಗ್ತೀನಿ.”

“ಎಲ್ಲಿಗೆ?”

“ಇನ್ನೆಲ್ಲಿಗೆ. ಕೋಣೆಗೆ ಒಬ್ರು ಬೇಕಂತಲ್ಲ. ನನಗೆ ಎಂಬತ್ತಾರು. ಗಂಡನ ಪಕ್ಕದಲ್ಲಿ ಕಲ್ಲು ನೆಟ್ಟಾಗಿದೆ, ಹೆಸರು ಕೆತ್ತಿಸಾಗಿದೆ, ಹೋಗುವಾಗ ಉಡೋ ಬಟ್ಟೆ ಗಂಟೂ ಕಟ್ಟಿಟ್ಟಾಗಿದೆ. ನಿಮ್ಮಲ್ಲಿ ಯಾರ ಹತ್ರ ಗಂಟಿದೆ, ಹೇಳಿ.”

ಯಾರ ಹತ್ತಿರವೂ ಇರಲಿಲ್ಲ. ಪಟ್ಟಣದ ಹೆಂಗಸರು.

ಕಲ್ಲಿನ ವಿಷಯ ಅಜ್ಜಿ ಅರ್ಧವೇ ಹೇಳಿದ್ದಳು. ಗಂಡ ಸತ್ತದ್ದು 1991ರಲ್ಲಿ. ಕಲ್ಲುಕುಟಿಗ ಅವನ ಹೆಸರಿನ ಜೊತೆಗೆ ಇವಳ ಹೆಸರು, ಹುಟ್ಟಿದ ವರ್ಷ ಎಲ್ಲ ಕೆತ್ತಿ, ಸಾಯುವ ವರ್ಷಕ್ಕೆ ಮುಂಗಡವಾಗಿ ‘19’ ಎಂದು ಬರೆದು ಎರಡು ಅಂಕಿಯ ಜಾಗ ಬಿಟ್ಟಿದ್ದ. ಅಜ್ಜಿ ಆ ಗಡುವನ್ನು ದಾಟಿ ಹತ್ತೊಂಬತ್ತು ವರ್ಷವಾಗಿತ್ತು. ಪ್ರತಿ ಸಲ ಸಮಾಧಿಗೆ ಹೋದಾಗ ಆ ಖಾಲಿ ಜಾಗ ನೋಡಿ ಏನೋ ಕೆಲಸ ಬಾಕಿ ಉಳಿಸಿಕೊಂಡವಳಂತೆ ಅವಳಿಗೆ ನಾಚಿಕೆಯಾಗುತ್ತಿತ್ತು.

ಸಂಜೆ ದ್ರಾಗಿನ್ಯಾ ಬಂದಾಗ ಅಜ್ಜಿ, “ಬೀರು ಕೆಳಗಿನ ಗಂಟು ತಗೊಂಡು ಬಾ,” ಎಂದಳು.

“ಅತ್ತೆ, ಆಪರೇಷನ್ ಚೆನ್ನಾಗಾಗಿದೆ ಅಂದ್ರಲ್ಲ ಡಾಕ್ಟ್ರು.”

“ಆಗಿದೆ. ತಗೊಂಡು ಬಾ. ಮೇಣದಬತ್ತಿ ಅದರಲ್ಲೇ ಇದೆಯಾ ನೋಡು.”

ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಅತ್ತೆಯ ಜೊತೆ ವಾದ ಮಾಡಿ ಗೆದ್ದ ಒಂದು ಸಂದರ್ಭವೂ ದ್ರಾಗಿನ್ಯಾಳಿಗೆ ನೆನಪಿಲ್ಲ. ಮಾರನೆಯ ದಿನ ಗಂಟು ಬಂತು: ಕಪ್ಪು ಉಡುಪು, ಹೊಸ ತಲೆವಸ್ತ್ರ, ನೆಲ ಮುಟ್ಟದ ಕಪ್ಪು ಬೂಟು, ಜೇನುಮೇಣದ ದಪ್ಪ ಬತ್ತಿ. ಪ್ರಾಣ ಹೋಗುವಾಗ ಕೈಯಲ್ಲಿ ಬತ್ತಿ ಉರಿಯುತ್ತಿರಬೇಕು. ಬತ್ತಿಯಿಲ್ಲದೆ ಕತ್ತಲಲ್ಲಿ ಹೋದವರ ಬಗ್ಗೆ ಅಜ್ಜಿಯ ಹಳ್ಳಿಯಲ್ಲಿ ಹಗೆಯವರೂ ಅಯ್ಯೋ ಅನ್ನುತ್ತಾರೆ. ಅಜ್ಜಿ ಬತ್ತಿಯನ್ನು ದಿಂಬಿನಡಿ ಇಟ್ಟುಕೊಂಡು, ಕೈ ಜೋಡಿಸಿ, ಚಪ್ಪಟೆಯಾಗಿ ಮಲಗಿದಳು.

ಈಗ ಬಿಸೆರ್ಕಾಳ ವಿಷಯ ಹೇಳಬೇಕು. ರೋಗಿಗಳನ್ನು ಎಬ್ಬಿಸಿ ನಡೆಸುವುದು ಅವಳ ಕೆಲಸ. ಐವತ್ತೈದರ ಹೆಂಗಸು, ಅಗಲ ಭುಜ, ಸಿಗರೇಟು ಸೇದಿ ಸೇದಿ ಗೊಗ್ಗರಾದ ಗಂಟಲು. ಕೋಣೆಗೆ ಬಂದವಳೇ ಮೊದಲು ಕಿಟಕಿ ತೆಗೆಯುತ್ತಿದ್ದಳು. ಕಿಟಕಿ, ಬಾಗಿಲು ಎರಡೂ ತೆಗೆದರೆ ಗಾಳಿ ಹಾಯುತ್ತದೆ, ಗಾಳಿ ಹಾಯ್ದರೆ ಮನುಷ್ಯ ಸಾಯುತ್ತಾನೆ ಎಂದು ಆ ನಾಲ್ವರೂ ಹುಟ್ಟಿದಾಗಿನಿಂದ ನಂಬಿದವರು. ಉಳಿದ ಯಾವ ವಿಷಯದಲ್ಲೂ ಒಂದಾಗದ ಎಂಟನೇ ಕೋಣೆ ಇದೊಂದರಲ್ಲಿ ಒಗ್ಗಟ್ಟಾಗಿತ್ತು.

“ಮುಚ್ಚು ಮಾರಾಯ್ತಿ, ಸಾಯಿಸ್ತೀಯಾ ನಮ್ಮನ್ನ,” ಎಂದಳು ಕೊಸಾರಾ.

“ಗಾಳಿಯಿಂದ ಸತ್ತೋರನ್ನ ನಾನಿನ್ನೂ ನೋಡಿಲ್ಲ. ಏಳಿ. ಸ್ತಾಮೆನಜ್ಜಿ, ಮೊದಲು ನೀವು.”

“ನಾನು ಏಳಲ್ಲಮ್ಮ. ಬೇರೆಯೋರನ್ನ ಎಬ್ಬಿಸು.”

“ನೋವಾ?”

“ನೋವೇನಿಲ್ಲ. ಬೇಡ ಅಷ್ಟೇ.”

ಬಿಸೆರ್ಕಾ ಗದರಿದಳು, ತಮಾಷೆ ಮಾಡಿದಳು, ಕಂಕುಳಿಗೆ ಕೈ ಹಾಕಿದಳು. ಅಜ್ಜಿ ಮಳೆಯಲ್ಲಿ ನೆಂದ ಮೂಟೆಯ ಹಾಗೆ ಬಿದ್ದುಕೊಂಡಳು. ಎರಡು ದಿನ ಹೀಗೇ ನಡೆಯಿತು. ಮೂರನೆಯ ದಿನ ಅಜ್ಜಿಗೆ ಕೆಮ್ಮು ಬಂತು, ನಾಲ್ಕನೆಯ ದಿನ ಜ್ವರ. ನರ್ಸುಗಳು ಸೂಜಿ ಚುಚ್ಚಿ ಔಷಧಿ ಏರಿಸಿದರು. ಕೋಳಿ ಸೂಪು ಬಂದರೆ ಅಜ್ಜಿ ಬಟ್ಟಲನ್ನು ಯೂಲ್ಕಾಳ ಕಡೆ ದಾಟಿಸುತ್ತಿದ್ದಳು. ಹೋಗುವವಳಿಗೆ ಯಾಕೆ ಸೂಪು, ಉಳಿಯುವವಳು ಕುಡಿಯಲಿ.

“ಕೇಳಿ ಇಲ್ಲಿ,” ಎಂದಳು ಬಿಸೆರ್ಕಾ, ಹಾಸಿಗೆಯ ಅಂಚಿನಲ್ಲಿ ಕೂತು. “ಸೊಂಟದ ಮೂಳೆ ಇದುವರೆಗೆ ಯಾರನ್ನೂ ಕೊಂದಿಲ್ಲ. ಕೊಲ್ಲೋದು ಹಾಸಿಗೆ. ಹಿಂಗೆ ಅಂಗಾತ ಮಲಗಿದ್ರೆ ಎದೇಲಿ ಕಫ ಕೂರುತ್ತೆ, ನ್ಯುಮೋನಿಯಾ ಆಗುತ್ತೆ. ಕಾಲಲ್ಲಿ ರಕ್ತ ಹೆಪ್ಪುಗಟ್ಟಿ ಮೇಲಕ್ಕೆ ಹೋಗುತ್ತೆ. ಬೆನ್ನು ಹುಣ್ಣಾಗಿ ಕೊಳೆಯುತ್ತೆ. ಮೊದಲೇ ಸೋತಿರೋ ಹೃದಯ ಇದನ್ನೆಲ್ಲ ತಡಕೊಳ್ಳಲ್ಲ. ನಿಮಗೆ ಈಗಾಗ್ಲೇ ಒಂದು ಶುರುವಾಗಿದೆ. ಅರ್ಥ ಆಯ್ತಾ?”

“ಆಯ್ತು,” ಎಂದಳು ಅಜ್ಜಿ ಸಮಾಧಾನದಿಂದ. ಕೆಲಸ ಸರಿಯಾದ ದಾರಿಯಲ್ಲೇ ಸಾಗುತ್ತಿದೆ ಎಂದು ಅವಳಿಗೆ ಖಾತ್ರಿಯಾಯಿತು.

ಲೆಪೊಸಾವಾಳ ಬಾಯಲ್ಲಿ ಯಾವ ಗುಟ್ಟೂ ನಿಂತದ್ದಿಲ್ಲ. ಆ ಬೆಳಗ್ಗೆ ಬಿಸೆರ್ಕಾ ತಳ್ಳಿದ ಗಾಲಿಕುರ್ಚಿಯಲ್ಲಿ ಶೌಚಾಲಯಕ್ಕೆ ಹೋಗಿ ಬರುವಷ್ಟರಲ್ಲಿ ಎಲ್ಲವನ್ನೂ ಒದರಿಬಿಟ್ಟಿದ್ದಳು. ಅಜ್ಜಿ ಕಂಡದ್ದು ಇಷ್ಟೇ: ಬಿಸೆರ್ಕಾ ಬಾಗಿಲಲ್ಲಿ ನಿಂತು ತನ್ನನ್ನು ಬಹಳ ಹೊತ್ತು ನೋಡಿದಳು, ಹೊರಗೆ ಹೋದಳು, ಸಿಗರೇಟಿನ ವಾಸನೆ ಹೊತ್ತುಕೊಂಡು ವಾಪಸ್ಸು ಬಂದಳು.

“ಅಜ್ಜಿ, ನಿಮ್ಮ ಲೆಕ್ಕ ತಪ್ಪು.”

“ಯಾವ ಲೆಕ್ಕ?”

“ಡಾಕ್ಟ್ರು ಹೇಳಿದ್ದು ಒಂದು ಕೋಣೆಗಲ್ಲ, ಇಡೀ ವಾರ್ಡಿಗೆ. ಸೊಂಟದೋರು ಇಲ್ಲಿ ನೀವು ನಾಲ್ಕು, ಹನ್ನೊಂದನೇ ಕೋಣೇಲಿ ನಾಲ್ಕು. ಒಟ್ಟು ಎಂಟು. ಎಂಟಕ್ಕೆ ಇಬ್ರು. ಆ ಇಬ್ರೂ ಹನ್ನೊಂದರಿಂದಲೇ ಹೋದ್ರು, ನೀವು ಬರೋ ಮುಂಚೆ. ನಿಮ್ಮ ಕೋಣೆ ಸರದಿ ಮುಗಿದಿದೆ.”

ಕೊಸಾರಾ ತಲೆಯೆತ್ತಿದಳು. ಎಂಟಕ್ಕೆ ಇಬ್ಬರು ಎನ್ನುವುದು ಸರಿಯಿತ್ತು. ಅವಳು ಬೆರಳಲ್ಲಿ ಲೆಕ್ಕ ಹಾಕಿ ಅಜ್ಜಿಯತ್ತ ತಲೆಯಾಡಿಸಿದಳು.

ಅಜ್ಜಿ ಬಿಸೆರ್ಕಾಳ ಮುಖವನ್ನೇ ನೋಡಿದಳು. “ಹೆಸರೇನು ಅವರದು?”

ಬಿಸೆರ್ಕಾ ತುಸು ತಡೆದಳು. “ಒಬ್ರು ವಿದೋಸಾವಾ. ಇನ್ನೊಬ್ರು ಕ್ರುನಿಯಾ.”

ಆ ಮಧ್ಯಾಹ್ನ ಅಜ್ಜಿಗೆ ಹಗುರವಾಗುವ ಬದಲು ಭಾರವಾಯಿತು. ತನ್ನ ಸರದಿಗೆ ಬೇರೆ ಯಾರೋ ಹೋಗಿದ್ದಾರೆ. ರಸ್ತೆ ಕೆಲಸದ ಕಾಲದಲ್ಲಿ ಹಾಗೆ ಒಬ್ಬರು ಹೋದರೆ ಉಳಿದ ಮನೆಯವರು ಬ್ರೆಡ್ಡು, ಒಂದು ಸೀಸೆ ಹಣ್ಣಿನ ಮದ್ಯ ರಾಕಿಯಾ ಹಿಡಿದು ಅವರ ಮನೆ ಬಾಗಿಲಿಗೆ ಹೋಗುತ್ತಿದ್ದರು. ಬಾಣಂತಿ ಕೂಡ ಕೂಸನ್ನು ಸೊಂಟಕ್ಕೆ ಕಟ್ಟಿಕೊಂಡು ನಡೆದೇ ಬಂದಿದ್ದಳು. ಇನ್ನೊಬ್ಬರ ಕೈಯಲ್ಲಿ ಕಳಿಸುವ ಮಾತಲ್ಲ ಅದು.

“ಅಂಗಳದಲ್ಲಿ ಪ್ರಾರ್ಥನಾ ಮಂದಿರ ಇದೆಯಂತಲ್ಲ,” ಎಂದಳು ಮಾರನೆಯ ಬೆಳಗ್ಗೆ. “ಆ ಇಬ್ಬರಿಗೂ ಬತ್ತಿ ಹಚ್ಚಬೇಕು.”

“ನಾನು ಹಚ್ಚಿ ಬರ್ತೀನಿ ಅತ್ತೆ,” ಎಂದಳು ದ್ರಾಗಿನ್ಯಾ.

“ನಿನ್ನ ಸರದಿಗೆ ಹೋದ್ರಾ ಅವ್ರು? ನನ್ನ ಸರದಿಗೆ ಹೋಗಿದ್ದು. ನಾನೇ ಹೋಗ್ಬೇಕು, ನನ್ನ ಕಾಲ ಮೇಲೆ.” ಅಜ್ಜಿ ಬಿಸೆರ್ಕಾಳತ್ತ ತಿರುಗಿದಳು. “ಎಷ್ಟು ದೂರ ಅದು?”

“ಇಲ್ಲಿಂದ ನೂರಾ ಎಂಬತ್ತು ಹೆಜ್ಜೆ,” ಎಂದಳು ಬಿಸೆರ್ಕಾ. “ಮೊದಲನೇದು ಹಾಕಿ ನೋಡೋಣ.”

ಚಪ್ಪಲಿಯಲ್ಲಿ ನಡೆದರೆ ಜಾರುತ್ತದೆ, ಹಿಮ್ಮಡಿ ಮುಚ್ಚಿದ ಬೂಟೇ ಬೇಕು ಎಂದಳು. ಹತ್ತಿರ ಇದ್ದದ್ದು ಗಂಟಿನೊಳಗಿನ ಬೂಟು ಮಾತ್ರ. ದ್ರಾಗಿನ್ಯಾ ಅದನ್ನು ಕೈಯಲ್ಲಿ ಹಿಡಿದು ಅತ್ತೆಯ ಮುಖ ನೋಡಿದಳು.

“ನೋಡ್ತಾ ನಿಂತ್ರೆ ತಾನಾಗೇ ಕಾಲಿಗೆ ಬರುತ್ತಾ? ತೊಡಿಸು,” ಎಂದಳು ಅಜ್ಜಿ.

ಮೊದಲ ದಿನ ನಿಂತದ್ದೇ ದೊಡ್ಡದು. ನೋವು ತೊಡೆಯಿಂದ ಬೆನ್ನಿಗೆ ಹತ್ತಿ ಕಣ್ಣಿಗೆ ಬಂತು. ಅಜ್ಜಿ ವಾಕರ್ ಹಿಡಿದು, ಕೆಮ್ಮುತ್ತಾ, ಕೆಮ್ಮಿನ ನಡುವೆ ಬಿಸೆರ್ಕಾಳ ವಂಶವನ್ನೆಲ್ಲ ಬೈದಳು. ಬಿಸೆರ್ಕಾ ಆ ಹೊತ್ತಿನಲ್ಲಿ ಒಂದು ಥರಾ ನಕ್ಕದ್ದು ಯಾಕೆಂದು ಅವಳಿಗೆ ಹೊಳೆಯಲಿಲ್ಲ. ಎರಡನೆಯ ದಿನ, ನಾಲ್ಕು ಮನೆಯ ಪರವಾಗಿ ರಸ್ತೆ ಕೆಲಸಕ್ಕೆ ಹೋದ ಕಥೆಯನ್ನು ಬಿಸೆರ್ಕಾಳಿಗೆ ಹೇಳುತ್ತಾ, ಮೂರು ಹೆಜ್ಜೆ. ಕೂತು ನಿಂತು ಮಾಡಿದ್ದಕ್ಕೆ ಎದೆಯ ಕಫ ಕಿತ್ತುಕೊಂಡು ಬಂತು, ಔಷಧಿಯೂ ಹಿಡಿಯಿತು, ಜ್ವರ ಇಳಿಯಿತು. ನಾಲ್ಕನೆಯ ದಿನ ಬಾಗಿಲವರೆಗೆ ಹೋಗಿ ಬಂದಳು. ಆ ದಿನ ಹಸಿವಾಗಿ ಸೂಪು ಕುಡಿದಳು, ಇನ್ನೊಂದು ಬಟ್ಟಲು ಇದೆಯಾ ಎಂದೂ ಕೇಳಿದಳು.

ವಿಚಿತ್ರವೆಂದರೆ ಕೋಣೆಯೇ ಎದ್ದಿತು. ಅಜ್ಜಿ ಮಲಗಿದ್ದ ದಿನಗಳಲ್ಲಿ “ನಾಳೆ ಎದ್ರಾಯ್ತು” ಎನ್ನುತ್ತಿದ್ದ ಯೂಲ್ಕಾ ಈಗ ಅಜ್ಜಿಯ ಹಿಂದೆಯೇ ವಾಕರ್ ತಳ್ಳತೊಡಗಿದಳು. ಲೆಪೊಸಾವಾ ಮದುವೆಯಲ್ಲಿ ಕುಣಿಯುವ ಸುತ್ತುಕುಣಿತದ ಹೆಜ್ಜೆಯನ್ನು ಮಂಚದ ಕಂಬಿ ಹಿಡಿದು ತೋರಿಸಿದಳು. ಕೊಸಾರಾ ಬಾಗಿಲ ಬಳಿ ನಿಂತು, “ಒಬ್ಬೊಬ್ಬರಾಗಿ, ಸಾಲಿನಲ್ಲಿ,” ಎಂದು ಆಳುತ್ತಿದ್ದಳು. ಭಾನುವಾರ ತಿಹೋಮಿರ್ ಪಕ್ಕದ ಮನೆಯವರ ಕೈ ಹಿಡಿದು ಬಂದ. ಯೂಲ್ಕಾಳ ಹೆಜ್ಜೆಯ ಸದ್ದು ಕೇಳಿ, “ಎಡಗಾಲು ಇನ್ನೂ ಎಳೀತಿದೀಯ ಕಣೇ,” ಎಂದ. ಅವಳು ಆಗ ಅತ್ತಳು, ಬಂದ ಮೇಲೆ ಮೊದಲ ಸಲ.

ಅಜ್ಜಿ ಎದ್ದು ಏಳನೆಯ ದಿನ ಮಂದಿರಕ್ಕೆ ಹೋಗುವುದೆಂದು ಬಿಸೆರ್ಕಾ ಹೇಳಿದ್ದಳು. ಆದರೆ ಅದಕ್ಕೆ ಮುಂಚೆ ಇನ್ನೊಂದು ಕೆಲಸವಿತ್ತು. ಹನ್ನೊಂದರಲ್ಲಿ ನಾಲ್ವರಿದ್ದು ಇಬ್ಬರು ಹೋದರೆ ಇನ್ನಿಬ್ಬರು ಅಲ್ಲೇ ಇರಬೇಕಲ್ಲ. ಅವರನ್ನು ಮಾತಾಡಿಸದೆ ಹೋಗುವುದು ಹೇಗೆ? ಬೆಳಗಿನ ಕಾಫಿಯಾದ ಮೇಲೆ ಅಜ್ಜಿ ದ್ರಾಗಿನ್ಯಾ ತಂದಿದ್ದ ಪ್ಲಮ್ ಹಣ್ಣಿನ ಸಿಹಿಪಾಕದ ಜಾಡಿಯನ್ನು ಚೀಲದಲ್ಲಿ ಹಾಕಿ ವಾಕರಿಗೆ ನೇತುಹಾಕಿದಳು, ತಲೆವಸ್ತ್ರ ಸರಿಮಾಡಿಕೊಂಡಳು, ಒಬ್ಬಳೇ ಹೊರಟಳು. ಮೊಗಸಾಲೆಯ ಕೊನೆಯ ತನಕ ನಲವತ್ತಾರು ಹೆಜ್ಜೆ. ಎರಡು ಕಡೆ ನಿಂತು ಉಸಿರು ತೆಗೆದುಕೊಂಡಳು. ಹನ್ನೊಂದನೇ ಬಾಗಿಲು ತಟ್ಟಿದಳು, ಉತ್ತರ ಬರಲಿಲ್ಲ, ತಳ್ಳಿದಳು.

ಒಳಗೆ ಹಾಸಿಗೆಯೇ ಇರಲಿಲ್ಲ. ಸೂರಿನವರೆಗೆ ಮಡಿಸಿಟ್ಟ ಹೊದಿಕೆ, ದಿಂಬು, ನೆಲ ಒರೆಸುವ ಕೋಲು, ಒಂದು ಚಕ್ರ ಮುರಿದ ಗಾಲಿಕುರ್ಚಿ. ಕಪಾಟಿನ ಧೂಳು ನೋಡಿದರೆ ಅಲ್ಲಿ ಮನುಷ್ಯರು ಮಲಗಿ ಹತ್ತಾರು ವರ್ಷವಾಗಿರಬೇಕು.

ಅಜ್ಜಿ ಮುರುಕು ಗಾಲಿಕುರ್ಚಿಯಲ್ಲಿ ಕುಳಿತಳು. ಯಾರೂ ಹೋಗಿಲ್ಲ. ಸರದಿ ಹಾಗೇ ಇದೆ. ಅದಕ್ಕಿಂತ ಹೆಚ್ಚಾಗಿ ಅವಳಿಗೆ ನಾಚಿಕೆಯಾದದ್ದು ಇನ್ನೊಂದಕ್ಕೆ. ಈ ಏಳು ದಿನದಲ್ಲಿ ಅವಳಿಗೆ ಬದುಕಿನ ಆಸೆ ಹತ್ತಿಬಿಟ್ಟಿತ್ತು. ನಿನ್ನೆ ಲೆಪೊಸಾವಾ ಮದುವೆಗೆ ಕರೆದಾಗ ಬರುತ್ತೇನೆ ಎಂದಿದ್ದಳು. ಬಾಯಿಮಾತಿಗಲ್ಲ, ಯಾವ ಬಸ್ಸು ಹಿಡಿಯಬೇಕೆಂದೂ ಕೇಳಿದ್ದಳು. ಮುಂದಿನ ವರ್ಷ ಮೆಣಸನ್ನು ಒಳಗಿನ ಒಲೆಯಲ್ಲೇ ಸುಡಬೇಕು ಎಂದು ಯೋಚಿಸಿದ್ದಳು. ಎಂಬತ್ತಾರಕ್ಕೆ ಇದೆಲ್ಲ ಬೇಕು ಅನ್ನಿಸಿತ್ತು, ತುಂಬಾ ಬೇಕು ಅನ್ನಿಸಿತ್ತು. ಈಗ ವಾಪಸ್ಸು ಹೋಗಿ ಮಲಗುವುದು ಮೊದಲಿನಷ್ಟು ಸುಲಭವಿರಲಿಲ್ಲ.

ಬಿಸೆರ್ಕಾ ಓಡುತ್ತಾ ಬಂದಳು. ಯೂಲ್ಕಾ ಹೇಳಿರಬೇಕು. ಬಾಗಿಲಲ್ಲಿ ನಿಂತು ಏದುಸಿರು ಬಿಟ್ಟಳು. ಇಬ್ಬರಲ್ಲಿ ರೋಗಿ ಯಾರೆಂದು ಹೇಳುವುದು ಕಷ್ಟವಿತ್ತು.

“ಚೆನ್ನಾಗಿದೆ ಹನ್ನೊಂದನೇ ಕೋಣೆ,” ಎಂದಳು ಅಜ್ಜಿ. “ಗಲಾಟೆ ಇಲ್ಲ.”

“ಅಜ್ಜಿ...”

“ಸುಳ್ಳು ಹೇಳೋಳು ಹೆಸರು ಯಾಕೆ ಹೇಳ್ದೆ? ಏಳು ದಿನದಿಂದ ಆ ಹೆಸರು ಹಿಡಕೊಂಡು ಬೇಡ್ಕೊಂಡಿದೀನಿ ನಾನು. ಎಲ್ಲಿಂದ ತಂದೆ ಅವನ್ನ?”

“ಮನೆಯಿಂದ.” ಬಿಸೆರ್ಕಾ ದಿಂಬಿನ ರಾಶಿಗೆ ಒರಗಿದಳು. “ವಿದೋಸಾವಾ ನಮ್ಮಜ್ಜಿ. ಕ್ರುನಿಯಾ ನಮ್ಮಮ್ಮ. ಇಬ್ರಿಗೂ ಸೊಂಟನೇ. ಅಮ್ಮ ಬಿದ್ದಾಗ ನಾವು ಮೂರು ಜನ ಹೆಣ್ಮಕ್ಳು ಮನೇಲಿ. ಹೆಂಗೆ ನೋಡ್ಕೊಂಡ್ವಿ ಗೊತ್ತಾ? ನೆಲಕ್ಕೆ ಕಾಲಿಡೋಕೆ ಬಿಡ್ಲಿಲ್ಲ. ಬಾಯಿಗೆ ಸೂಪು, ಬೆನ್ನಿಗೆ ದಿಂಬು, ಕಿಟಕಿ ಬಂದ್. ಇಡೀ ಬೀದಿ ಹೊಗಳ್ತಿತ್ತು, ಮಕ್ಕಳು ಅಂದ್ರೆ ಹಿಂಗಿರ್ಬೇಕು ಅಂತ. ಮೂವತ್ತೊಂದನೇ ದಿನ ಕಾಲಲ್ಲಿದ್ದ ರಕ್ತದ ಹೆಪ್ಪು ಶ್ವಾಸಕೋಶಕ್ಕೆ ಹೋಯ್ತು. ಪ್ರೀತಿ ಮಾಡೀ ಮಾಡೀ ಕೊಂದ್ವಿ ಅಜ್ಜಿ. ಅದಾದ್ಮೇಲೇ ನಾನು ಈ ಕೆಲಸ ಕಲಿಯೋಕೆ ಹೋಗಿದ್ದು.”

ಅಜ್ಜಿ, “ಕೈಯಲ್ಲಿ ಬತ್ತಿ ಇತ್ತಾ?” ಎಂದಳು.

“ಇಲ್ಲ. ಮಾತಾಡ್ತಾ ಇದ್ಲು. ಅರ್ಧ ಮಾತಿಗೇ ಹೋದ್ಲು. ಹುಡುಕೋಕೂ ಪುರುಸೊತ್ತು ಸಿಗ್ಲಿಲ್ಲ.” ಬಿಸೆರ್ಕಾಳ ಗೊಗ್ಗರು ದನಿ ಇನ್ನಷ್ಟು ಕೆಳಗಿಳಿಯಿತು. “ಮೂವತ್ತು ವರ್ಷ ಆಯ್ತು.”

“ಪಾಪ.” ಅಜ್ಜಿ ಅವಳ ಕೈ ಹಿಡಿದುಕೊಂಡಳು. ಹಿಡಿದ ಕೈ ಬಿಡದೆ ಕೇಳಿದಳು: “ಆದ್ರೂ ನಮ್ಮ ಕೋಣೆ ಸರದಿ ಬಾಕಿ ಇದೆಯಲ್ಲ.”

“ಸರದಿ ಅನ್ನೋದೇ ಇಲ್ಲ ಅಜ್ಜಿ. ನೀವು ಹೋದ್ರೆ ಯೂಲ್ಕಾ ಉಳೀತಾಳೆ ಅಂತ ನಿಮಗೆ ಬರ್ಕೊಟ್ಟೋರು ಯಾರು? ನೀವು ಮಲಗಿದ್ದ ಅಷ್ಟು ದಿನ ಯೂಲ್ಕಾ ಎಷ್ಟು ಹೆಜ್ಜೆ ಹಾಕಿದ್ಲು ಗೊತ್ತಾ? ಒಂದೂ ಇಲ್ಲ. ಅವಳಿಗೋಸ್ಕರ ನೀವು ಸಾಯ್ತಾ ಮಲಗಿದೀರಿ, ನಿಮ್ಮ ಕಣ್ಣೆದುರು ಅವಳು ಹೆಂಗೆ ನಡೀತಾಳೆ? ಉಳಿದಿಬ್ರೂ ಹಂಗೇ. ಇನ್ನೊಂದು ವಾರ ಬಿಟ್ಟಿದ್ರೆ ಒಬ್ರಲ್ಲ, ನಾಲ್ಕೂ ಜನ ಹೋಗ್ತಿದ್ರಿ. ರಸ್ತೆಗೆ ನೀವು ಹೋದ್ರೆ ಮೂರು ಮನೆ ಉಳೀತಿತ್ತು. ಇದು ರಸ್ತೆ ಅಲ್ಲ.”

“ನೀನು ರಸ್ತೆ ನೋಡಿಲ್ಲ,” ಎಂದಳು ಅಜ್ಜಿ.

ಅಜ್ಜಿ ನೋಡಿದ್ದಳು. ಮೇಸ್ತ್ರಿ ಪ್ರತಿ ಬೆಳಗ್ಗೆ ಸಾಲು ನಿಲ್ಲಿಸುವಾಗ ಸ್ತಾಮೆನಾಳನ್ನೇ ಮುಂದೆ ಹಾಕುತ್ತಿದ್ದ. ಅವಳು ಸಲಿಕೆ ಇಳಿಸಿದರೆ ಗಂಡಸರೂ ಕೂರುತ್ತಿದ್ದರು. ಅವಳು ಎತ್ತಿದರೆ ಕೂತವರು ಗೊಣಗಿಕೊಂಡು ಏಳುತ್ತಿದ್ದರು. ಆ ಆರು ವರ್ಷ ಅವಳು ಮಾಡಿದ ನಿಜವಾದ ಕೆಲಸ ಅದು, ಮನೆಗಳ ಬದಲಿಗೆ ಹೋದದ್ದಲ್ಲ. ಇಷ್ಟು ವರ್ಷ ಇದು ಹೊಳೆದೇ ಇರಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

“ಎಬ್ಬಿಸು ನನ್ನನ್ನ,” ಎಂದಳು. “ಇಲ್ಲ, ಬೇಡ. ನಾನೇ ಏಳ್ತೀನಿ. ನೀನು ಹೋಗಿ ಕೋಣೆಯಿಂದ ನನ್ನ ದಿಂಬಿನ ಕೆಳಗಿಂದು ತಗೊಂಡು ಬಾ. ಆ ಮೂವರಿಗೆ ಈ ದಿಂಬು ಹೊದಿಕೆ ವಿಷಯ ಹೇಳ್ಬೇಡ. ಎಂಟಕ್ಕೆ ಇಬ್ರು, ಸರಿಯಾಗೇ ಇದೆ ಲೆಕ್ಕ.”

ಮಂದಿರಕ್ಕೆ ನೂರಾ ಎಂಬತ್ತು ಹೆಜ್ಜೆ ಎಂದದ್ದೂ ಸುಳ್ಳೇ, ಇನ್ನೂರಕ್ಕೂ ಮೀರಿತ್ತು. ಅಂಗಳದಲ್ಲಿ ಬಿಸಿಲಿತ್ತು, ಅಡುಗೆಮನೆಯ ಕಡೆಯಿಂದ ಮೆಣಸು ಸುಡುವ ವಾಸನೆ ಬರುತ್ತಿತ್ತು. ಅಜ್ಜಿ ಒಂದು ಕಡೆ ಬಿಸೆರ್ಕಾ, ಇನ್ನೊಂದು ಕಡೆ ದ್ರಾಗಿನ್ಯಾ ಬರುತ್ತಿದ್ದರೂ ಯಾರನ್ನೂ ಮುಟ್ಟಗೊಡದೆ ವಾಕರ್ ತಳ್ಳಿಕೊಂಡು ಹೋದಳು. ಕಿಟಕಿ ಪೂರ್ತಿ ತೆಗೆದು ಎಂಟನೇ ಕೋಣೆಯ ಮೂವರೂ ಅಲ್ಲಿ ನಿಂತಿದ್ದರು, ಗಾಳಿ ಹಾಯುವುದನ್ನು ಮರೆತು.

ಒಳಗೆ ಮರಳು ತುಂಬಿದ ಎರಡು ತಟ್ಟೆಗಳು. ಮೇಲಿನದು ಬದುಕಿರುವವರ ಹೆಸರಿನ ಬತ್ತಿಗೆ, ಕೆಳಗಿನದು ತೀರಿಕೊಂಡವರಿಗೆ. ಅಜ್ಜಿ ವಿದೋಸಾವಾಳ ಹೆಸರಿಗೆ ಒಂದು ಸಣ್ಣ ಬತ್ತಿ ಹಚ್ಚಿ ಕೆಳಗೆ ನಿಲ್ಲಿಸಿದಳು. ಆಮೇಲೆ ತನ್ನ ಗಂಟಿನ ದಪ್ಪ ಬತ್ತಿಯನ್ನು ಹೊದಿಸಿದ್ದ ಬಟ್ಟೆಯಿಂದ ಬಿಡಿಸಿದಳು.

“ಅತ್ತೆ, ಅದು ನಿಮ್ಮದು,” ಎಂದಳು ದ್ರಾಗಿನ್ಯಾ ಗಾಬರಿಯಿಂದ.

“ಗೊತ್ತು.” ಅಜ್ಜಿ ಬತ್ತಿಯನ್ನು ಹಚ್ಚಿ ಬಿಸೆರ್ಕಾಳ ಕೈಗೆ ಕೊಟ್ಟಳು. “ಇಡು. ನಿಮ್ಮಮ್ಮ ಮೂವತ್ತು ವರ್ಷದಿಂದ ಕತ್ತಲಲ್ಲಿದಾಳೆ. ನನಗೆ ಇನ್ನೂ ಹಗಲಿದೆ.”

ಬತ್ತಿಯನ್ನು ಮರಳಿಗೆ ಊರಲು ಬಿಸೆರ್ಕಾಳಿಗೆ ಎರಡು ಸಲ ಪ್ರಯತ್ನ ಬೇಕಾಯಿತು. ಅಜ್ಜಿ ಅವಳ ಮೊಣಕೈಗೆ ಕೈಕೊಟ್ಟು ನಿಂತಳು. ಆಮೇಲೆ ಮೇಲಿನ ತಟ್ಟೆಗೆ ನಾಲ್ಕು ಬತ್ತಿ: ಕೊಸಾರಾ, ಲೆಪೊಸಾವಾ, ಯೂಲ್ಕಾ. ನಾಲ್ಕನೆಯದನ್ನು ಹಿಡಿದು ಅಜ್ಜಿ ಕೊಂಚ ತಡೆದಳು. ಗಂಡ ಸತ್ತ ಮೇಲೆ ತನ್ನ ಹೆಸರಿಗೆ ಬದುಕಿರುವವರ ತಟ್ಟೆಯಲ್ಲಿ ಒಂದು ಬತ್ತಿಯನ್ನೂ ಅವಳು ಹಚ್ಚಿದ್ದಿಲ್ಲ. ನಡುವೆ ಚೆನ್ನಾಗಿ ಜಾಗ ಮಾಡಿ ಊರಿದಳು.

ಹೊರಗೆ ಬಂದಾಗ ದ್ರಾಗಿನ್ಯಾ ಮೂಗು ಒರೆಸಿಕೊಂಡು, “ಇನ್ನೊಂದು ಬತ್ತಿ ತಂದಿಡ್ಲಾ ಅತ್ತೆ, ಗಂಟಿಗೆ?” ಎಂದಳು.

ಅಜ್ಜಿ ತನ್ನ ಬೂಟು ನೋಡಿಕೊಂಡಳು. ಅಂಗಳದ ಮಣ್ಣು ಮೆತ್ತಿತ್ತು, ಬಲಗಾಲಿನ ಹಿಮ್ಮಡಿ ಆಗಲೇ ಒಂದು ಕಡೆ ಸವೆದಿತ್ತು.

“ಬೂಟೂ ಕೆಟ್ಟೋಯ್ತು, ಬತ್ತಿನೂ ಮುಗೀತು. ಈ ಸ್ಥಿತೀಲಿ ಎಲ್ಲಿಗೆ ಹೋಗಲಿ ನಾನು?” ಎಂದಳು. “ಅವಸರ ಮಾಡ್ಬೇಡ. ಮೊದಲು ಸಂತೆಗೆ ಹೋಗಿ ಮೆಣಸು ತಗೊಂಡು ಬಾ, ಇನ್ನೂ ಸೀಸನ್ ಮುಗಿದಿಲ್ಲ. ನಾಲ್ಕು ಮನೆಗೆ ಆಗೋವಷ್ಟು.”